ಇಳಿಯದವರು, ಏರದವರು

ಆ ವರ್ಷ ನನ್ನ ತಮ್ಮ ಫುಟ್‌ಬಾಲಿನ ಮೇಲಿನ ಲೀಗಿನ ಕಟ್ಟಕಡೆಯ ತಂಡದ ಕ್ಯಾಪ್ಟನ್ ಆಗಿದ್ದ. ನನ್ನ ಗಂಡ ಕೆಳಗಿನ ಲೀಗಿನ ಮೊಟ್ಟಮೊದಲ ತಂಡದ ಕೋಚ್ ಆಗಿದ್ದ. ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಮಾರ್ಚ್‌ವರೆಗೆ ನಾವೂ ನಗುತ್ತಲೇ ಇದ್ದೆವು.

ತಮ್ಮನ ಹೆಸರು ವೀಬೆ. ಓಸ್ಟರ್‌ಮೀರ್ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಆಡಿದವನು. ಆಗ ಅವನಿಗೆ ಮೂವತ್ತೈದು. ವೇಗ ಎಂದೂ ಇರಲಿಲ್ಲ, ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ತಿಳಿಯುತ್ತಿತ್ತು, ಅಷ್ಟೇ. ಗಂಡ ಗೆರ್ಲೋಫ್ ವೆಲ್ಡೆಬ್ರುಗ್ ಕ್ಲಬ್ಬಿನವನು. ಎರಡೂ ಊರುಗಳು ಒಂದೇ ಕಾಲುವೆಯ ಆಚೀಚೆ ದಡಗಳಲ್ಲಿವೆ, ನಡುವೆ ಇಪ್ಪತ್ತೆರಡು ಕಿಲೋಮೀಟರು. ಆ ಕಾಲುವೆಯ ಮೇಲಿನ ಸೇತುವೆಯೊಂದನ್ನು ದೋಣಿಗಳಿಗಾಗಿ ಎತ್ತಿ ಇಳಿಸುವುದು ನನ್ನ ಕೆಲಸ. ಕ್ಯಾಬಿನ್ನಿನಲ್ಲಿ ಕೂತು ಗುಂಡಿ ಒತ್ತುತ್ತೇನೆ, ದೋಣಿಯವರು ಕೈ ಬೀಸುತ್ತಾರೆ, ನಾನೂ ಬೀಸುತ್ತೇನೆ.

ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಮೇಲಿನ ಲೀಗಿನಲ್ಲಿ ಹದಿನೆಂಟು ತಂಡ, ಮೂವತ್ನಾಲ್ಕು ಪಂದ್ಯ. ಕೊನೆಯಲ್ಲಿ ನಿಂತವರು ಕೆಳಗಿಳಿಯಬೇಕು, ಕೆಳಗಿನ ಲೀಗು ಗೆದ್ದವರು ಮೇಲೆ ಬರಬೇಕು. ವೆಲ್ಡೆಬ್ರುಗ್‌ನವರು ಮೇಲಿನ ಲೀಗು ಕಂಡು ಮೂವತ್ತೊಂದು ವರ್ಷವಾಗಿತ್ತು.

ಜನವರಿಯಲ್ಲಿ ಅಮ್ಮನ ಎಪ್ಪತ್ತೆಂಟನೆಯ ಹುಟ್ಟುಹಬ್ಬ. ಕುರ್ಚಿಗಳನ್ನು ಎಂದಿನಂತೆ ದುಂಡಗೆ ಹಾಕಿ, ಎಲ್ಲರ ಕೈಗೂ ಒಂದೊಂದು ತುಂಡು ಕೇಕು, ಒಂದೊಂದು ಲೋಟ ಕಾಫಿ ಕೊಟ್ಟು ಕೂರಿಸಿದ್ದಳು. ವೀಬೆಯ ತಂಡ ಆಗಲೇ ಏಳು ಪಂದ್ಯ ಸತತವಾಗಿ ಸೋತಿತ್ತು. ಈ ಸೀಸನ್ನೇ ಕೊನೆ, ಮೇ ತಿಂಗಳ ಕೊನೆಯ ಪಂದ್ಯ ನಮ್ಮೂರ ಮೈದಾನದಲ್ಲೇ ಇದೆ, ಅಲ್ಲಿ ಆಡಿ ಬಿಟ್ಟುಬಿಡುತ್ತೇನೆ ಎಂದು ಅವನು ಪತ್ರಿಕೆಯವರಿಗೆ ಹೇಳಿಯಾಗಿತ್ತು.

ಗೆರ್ಲೋಫ್ ಕೇಕು ಮೆಲ್ಲುತ್ತ, "ನೀವು ಇಳಿಯುವಾಗ ನಾವು ಹತ್ತುತ್ತಾ ಇರ್ತೀವಿ. ಮೆಟ್ಟಿಲ ಮೇಲೆ ಸಿಕ್ರೆ ಒಂಚೂರು ಪಕ್ಕಕ್ಕೆ ಸರಿ, ಮಾರಾಯ" ಎಂದ.

"ಮೇಲೆ ಗಾಳಿ ಜಾಸ್ತಿ ಕಣೋ" ಎಂದ ವೀಬೆ. "ನಿನ್ನ ತಲೇಲಿ ಉಳಿದಿರೋ ನಾಲ್ಕು ಕೂದಲನ್ನೂ ಹುಷಾರಾಗಿ ನೋಡ್ಕೋ."

"ನನ್ನ ಮನೇಲಿ ಇಳಿಯೋದು ಹತ್ತೋದು ಬೇಡ. ಇನ್ನೊಂದು ತುಂಡು ತಿನ್ರಿ" ಎಂದಳು ಅಮ್ಮ.

ಮಾರ್ಚ್ ಎಂಟರ ಭಾನುವಾರ ವೀಬೆ ಇಪ್ಪತ್ತಾರನೆಯ ಪಂದ್ಯ ಆಡಿದ. ಎಪ್ಪತ್ತೊಂದನೆಯ ನಿಮಿಷದಲ್ಲಿ ತನ್ನನ್ನು ದಾಟಿ ಓಡುತ್ತಿದ್ದ ಹುಡುಗನೊಬ್ಬನ ಅಂಗಿ ಹಿಡಿದು ಎಳೆದ. ಎರಡನೆಯ ಹಳದಿ ಕಾರ್ಡು, ಹಾಗಾಗಿ ಕೆಂಪು. ಅವನು ವಾದಿಸಲಿಲ್ಲ. ರೆಫ್ರಿಯ ಹೆಗಲು ತಟ್ಟಿ, ತಲೆ ತಗ್ಗಿಸಿ, ಒಳಗೆ ಹೋದ. ಮುಂದಿನ ಒಂದು ಪಂದ್ಯಕ್ಕೆ ನಿಷೇಧ.

ಆ ಗುರುವಾರವೇ ಎಲ್ಲವೂ ನಿಂತಿತು. ಸೋಂಕು ಹರಡುತ್ತಿದೆ, ನೂರು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ ಎಂದರು. ಮೊದಲು ತಿಂಗಳ ಕೊನೆಯವರೆಗೆ ಎಂದರು, ಆಮೇಲೆ ಜೂನ್‌ವರೆಗೆ ಎಂದರು. ಶಾಲೆಗಳು ಮುಚ್ಚಿದವು, ಚಹಾದಂಗಡಿಗಳು ಮುಚ್ಚಿದವು. ದೋಣಿಗಳು ಮಾತ್ರ ನಿಲ್ಲಲಿಲ್ಲ. ಮರಳು, ಮೇವು, ಗೊಬ್ಬರ ಹೊತ್ತು ಬರುತ್ತಲೇ ಇದ್ದವು. ನಾನು ಸೇತುವೆ ಎತ್ತುತ್ತಲೇ ಇದ್ದೆ. ಎತ್ತಿದಾಗ ರಸ್ತೆಯಲ್ಲಿ ಕಾಯುವವರು ಯಾರೂ ಇರುತ್ತಿರಲಿಲ್ಲ.

ಗೆರ್ಲೋಫ್ ಪ್ರತಿ ಬೆಳಿಗ್ಗೆ ಎಂಟಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಪರದೆಯ ಮೇಲಿನ ಇಪ್ಪತ್ಮೂರು ಚಿಕ್ಕ ಚಿಕ್ಕ ಚೌಕಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ. ಒಬ್ಬ ಅಡುಗೆಮನೆಯಲ್ಲಿ, ಇನ್ನೊಬ್ಬ ಸೈಕಲ್ಲುಗಳ ನಡುವೆ ಶೆಡ್ಡಿನಲ್ಲಿ. "ಎಂಟು ಪಂದ್ಯ ಉಳಿದಿದೆ, ಹನ್ನೊಂದು ಅಂಕ ಮುಂದಿದ್ದೀವಿ. ಮೈ ಸಡಿಲ ಬಿಡಬೇಡಿ" ಎಂದು ದಿನವೂ ಹೇಳುತ್ತಿದ್ದ. ಎಂದು ಶುರುವಾಗುತ್ತದೆ ಎಂದು ಹುಡುಗರು ಕೇಳಿದರೆ, "ಗೊತ್ತಾದ ದಿನ ನಿಮಗೇ ಮೊದಲು ಹೇಳ್ತೀನಿ" ಎನ್ನುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮೇಜಿನ ಮುಂದೆಯೇ ಸ್ವಲ್ಪ ಹೊತ್ತು ಕೂತಿರುತ್ತಿದ್ದ.

ಏಪ್ರಿಲ್ ಕೊನೆಯಲ್ಲಿ, ಸೆಪ್ಟೆಂಬರ್‌ವರೆಗೆ ಯಾವ ಪಂದ್ಯವೂ ಇಲ್ಲ ಎಂದು ಸರ್ಕಾರ ಹೇಳಿತು. ಮೂರು ದಿನ ಬಿಟ್ಟು, ಶುಕ್ರವಾರ, ಎರಡೂ ಲೀಗಿನ ಕ್ಲಬ್ಬುಗಳು ಪರದೆಯ ಮೇಲೆ ಸಭೆ ಸೇರಿದವು. ಇಳಿಯುವುದು ಏರುವುದು ಇರಲೋ ಬೇಡವೋ ಎಂದು ಪ್ರತಿ ಕ್ಲಬ್ಬಿನ ಅಭಿಪ್ರಾಯ ಕೇಳಿದರು. ಇರಲಿ ಎಂದವರು ಹೆಚ್ಚಿದ್ದರು, ಆದರೆ ಸಾಲುವಷ್ಟು ಹೆಚ್ಚಿರಲಿಲ್ಲ. ಬೇಡ ಎಂದವರು ಕೆಲವರು, ನಮಗೇನೂ ಅಭಿಪ್ರಾಯವಿಲ್ಲ ಎಂದವರೂ ಕೆಲವರು. ಸಂಜೆಗೆ ತೀರ್ಮಾನ ಬಂತು. ಈ ಸೀಸನ್ನಿಗೆ ಚಾಂಪಿಯನ್ ಇಲ್ಲ. ಯಾರೂ ಇಳಿಯುವುದಿಲ್ಲ. ಯಾರೂ ಏರುವುದಿಲ್ಲ.

ಗೆರ್ಲೋಫ್ ಅದನ್ನು ಫೋನಿನಲ್ಲಿ ಓದಿದ. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಕ್ಕೆ ಎಳೆದು ಓದಿದ. ನಮ್ಮ ಮಗಳು ಯೆಲ್ಟ್ಯೆಗೆ ಆಗ ಹನ್ನೆರಡು. ಅವಳು ಕೇಳಿದಳು: "ಹಾಗಾದ್ರೆ ನೀವು ಗೆದ್ರೋ ಇಲ್ವೋ, ಅಪ್ಪ?"

"ಗೆದ್ದಿಲ್ಲ" ಎಂದ ಅವನು. "ಸೋತೂ ಇಲ್ಲ."

"ಹಾಗಾದ್ರೆ ಆಗಸ್ಟಿಂದ ನೀನು ಮಾಡಿದ್ದೇನು?"

ಅವಳಿಗೆ ಅವನನ್ನು ನೋಯಿಸುವ ಉದ್ದೇಶವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಗೆರ್ಲೋಫ್ ಎದ್ದು ಹೊರಗೆ ಹೋಗಿ, ಕತ್ತರಿಸುವ ಅಗತ್ಯವೇ ಇಲ್ಲದ ಬೇಲಿಗಿಡವನ್ನು ಕತ್ತರಿಸತೊಡಗಿದ.

ಅಷ್ಟರಲ್ಲಿ ವೀಬೆಯ ಕರೆ ಬಂತು.

"ಅಕ್ಕ, ನಾವು ಉಳಿದುಕೊಂಡ್ವಿ" ಎಂದ. ಅವನ ದನಿಯಲ್ಲಿ ಸಂತೋಷವಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. "ಈಗ ಪೇಟೆ ಚೌಕದ ಹತ್ತಿರ ಹೋಗಿದ್ದೆ. ಒಬ್ಬ ಕಾರಿಗೆ ಬಾವುಟ ಕಟ್ಕೊಂಡು ಬಂದು ಎರಡು ಸಲ ಹಾರ್ನ್ ಹೊಡೆದ. ಯಾರೂ ತಿರುಗಿ ನೋಡ್ಲಿಲ್ಲ. ಕಾರು ನಿಲ್ಲಿಸಿ ಬಾವುಟ ಬಿಚ್ಚಿ ಒಳಗಿಟ್ಕೊಂಡು ಮನೆಗೆ ಹೋದ. ನಾನೇನು ಮಾಡ್ಲಿ ಹೇಳು. ಖುಷಿ ಪಡ್ಲಾ?"

"ಪಡು" ಎಂದೆ.

"ನೀನು ಪಡ್ತಿದ್ದೀಯಾ?"

ಕಿಟಕಿಯಾಚೆ ಗೆರ್ಲೋಫ್‌ನ ಬೆನ್ನು ಕಾಣುತ್ತಿತ್ತು. "ಆಮೇಲೆ ಫೋನ್ ಮಾಡ್ತೀನಿ" ಎಂದು ಇಟ್ಟುಬಿಟ್ಟೆ.

ಆ ವಾರ ನಾನು ಬೆಳಿಗ್ಗೆ ಗಂಡನ ಪರವಾಗಿ ಸಿಟ್ಟಾಗುತ್ತಿದ್ದೆ, ಮಧ್ಯಾಹ್ನ ತಮ್ಮನ ಪರವಾಗಿ ನೆಮ್ಮದಿ ಪಡುತ್ತಿದ್ದೆ, ಸಂಜೆಗೆ ಎರಡಕ್ಕೂ ನಾಚುತ್ತಿದ್ದೆ. ಆಸ್ಪತ್ರೆಗಳಲ್ಲಿ ಜನ ಸಾಯುತ್ತಿರುವಾಗ ನಾವು ಅಂಕಪಟ್ಟಿ ನೋಡಿಕೊಂಡು ಅಳುತ್ತಿದ್ದೇವಲ್ಲ ಎಂದೂ ಅನ್ನಿಸುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿಕೊಂಡರೆ, "ಅಳೋದಕ್ಕೂ ಸರದಿ ಕಾಯ್ಬೇಕಾ? ಬಂದಾಗ ಅತ್ತುಬಿಡು" ಎಂದಳು.

ಮೇ ಮೊದಲ ವಾರ ಪ್ರಾಂತ್ಯದ ಪತ್ರಿಕೆಯಲ್ಲಿ ಯಾವ ಕ್ಲಬ್ಬು ಏನು ಹೇಳಿತ್ತು ಎಂಬ ಪಟ್ಟಿ ಬಂತು. ಓಸ್ಟರ್‌ಮೀರ್‌ನ ಮುಂದೆ ಇದ್ದದ್ದು: ಅಭಿಪ್ರಾಯವಿಲ್ಲ. ಅದರ ಕೆಳಗೆ ಕ್ಲಬ್ಬಿನ ಅಧ್ಯಕ್ಷರ ಒಂದು ಮಾತು. 'ನಮ್ಮ ಕ್ಯಾಪ್ಟನ್ನನ್ನು ಕೇಳಿಯೇ ನಿರ್ಧರಿಸಿದೆವು.'

ಗೆರ್ಲೋಫ್ ಪತ್ರಿಕೆಯನ್ನು ಮಡಿಸಿ ನನ್ನ ತಟ್ಟೆಯ ಪಕ್ಕ ಇಟ್ಟ. "ನಿನ್ನ ತಮ್ಮನನ್ನ ಕೇಳಿದ್ರಂತೆ. ಏನಂದ ಅಂತ ಕೇಳ್ತೀಯಾ?"

"ನೀನೇ ಕೇಳು."

"ನಾನು ಕೇಳಿದ್ರೆ ಜಗಳ ಆಗತ್ತೆ. ನೀನು ಕೇಳು."

ಮರುದಿನ ಕ್ಯಾಬಿನ್ನಿನಿಂದ ಫೋನ್ ಮಾಡಿದೆ. ವೀಬೆಯನ್ನು ನೇರವಾಗಿಯೇ ಕೇಳಿದೆ. ಅವನ ಮನೆಯ ನಾಯಿ ಬೊಗಳುವುದು ಕೇಳಿಸಿತು.

"ಬೌಕೆಮಾ ಫೋನ್ ಮಾಡಿದ್ರು, ಸಭೆಗೆ ಹತ್ತು ನಿಮಿಷ ಮುಂಚೆ" ಎಂದ. ಬೌಕೆಮಾ ಎಂದರೆ ಅವರ ಅಧ್ಯಕ್ಷರು. "'ವೀಬೆ, ಹದಿನಾಲ್ಕು ವರ್ಷ ಇಲ್ಲಿದ್ದೀಯ, ನೀನು ಹೇಳಿದ ಹಾಗೆ ಮಾಡ್ತೀನಿ' ಅಂದ್ರು. ನನ್ನ ತಲೇಲಿ ಏನೇನೋ ಬಂತು, ಅಕ್ಕ. ಇಳಿಸಿ ಅಂದ್ರೆ ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ಕೆಲಸ ಇಲ್ಲ. ಬಟ್ಟೆ ಒಗೆಯೋ ಟ್ರೈನ್‌ತ್ಯೆಗೂ ಇಲ್ಲ. ಬೇಡ ಅಂದ್ರೆ ಗೆರ್ಲೋಫ್‌ನ ಮುಖ ಕಣ್ಣ ಮುಂದೆ ಬರತ್ತೆ. ನಾನು ಗೊತ್ತಿಲ್ಲ ಅಂದೆ."

"ಗೊತ್ತಿಲ್ಲ ಅಂದೆಯಾ?"

"ನಿಜವಾಗ್ಲೂ ಗೊತ್ತಿರ್ಲಿಲ್ಲ. ಈಗಲೂ ಗೊತ್ತಿಲ್ಲ. ಯಾರೋ ಒಬ್ರು ಬಂದು ಇದು ಸರಿ, ಇದು ತಪ್ಪು ಅಂತ ಹೇಳಲಿ, ನಾನು ಒಪ್ಕೋತೀನಿ."

ಆ ಮಾತನ್ನು ಗೆರ್ಲೋಫ್‌ಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಬಟಾಣಿ ಸೂಪು ಬಡಿಸುತ್ತ ಹೇಳಿದೆ. ಅವನು ಚಮಚ ಕೆಳಗಿಟ್ಟ.

"ಬೇಡ ಅಂದಿದ್ರೆ ಅರ್ಥ ಆಗ್ತಿತ್ತು" ಎಂದ. "ತನ್ನ ತಂಡ, ತನ್ನ ಊರು. ನಾನಾದ್ರೂ ಅದನ್ನೇ ಹೇಳ್ತಿದ್ದೆನೇನೋ. ಆದ್ರೆ ಗೊತ್ತಿಲ್ಲ ಅಂತ ಕೈ ತೊಳ್ಕೊಂಡು ಕೂತ್ನಲ್ಲ. ಗೊತ್ತಿಲ್ಲ ಅನ್ನೋದೂ ಒಂದು ಮತವೇ ಕಣೇ, ಹಿಸ್ಕೆ."

"ಅವನ ಒಂದು ಮತದಿಂದ ಏನೂ ಬದಲಾಗ್ತಿರ್ಲಿಲ್ಲ."

"ಅದು ನಂಗೊತ್ತು" ಎಂದ. "ಅದಕ್ಕೇ ಇನ್ನೂ ಸಿಟ್ಟು ಬರ್ತಿದೆ."

ಅಲ್ಲಿಂದ ಮುಂದೆ ಐದು ವಾರ ಇಬ್ಬರೂ ಮಾತಾಡಲಿಲ್ಲ. ವೀಬೆಯ ವಿದಾಯದ ಪಂದ್ಯ ಆಗಬೇಕಿದ್ದ ಭಾನುವಾರವೂ ಬಂದು ಹೋಯಿತು. ಆ ದಿನ ಅವನು ಅಂಗಳದಲ್ಲಿ ಶೆಡ್ಡಿನ ಗೋಡೆಗೆ ಚೆಂಡು ಒದೆಯುತ್ತಿದ್ದನಂತೆ, ಅವನ ಹೆಂಡತಿ ಹೇಳಿದಳು. ತೊಂಬತ್ತು ನಿಮಿಷ ಒದ್ದನಾ ಎಂದು ತಮಾಷೆಗೆ ಕೇಳಿದೆ. "ಎರಡೂವರೆ ತಾಸು" ಎಂದಳು.

ಅವನ ಗೊಂದಲ ಅಷ್ಟಕ್ಕೇ ಮುಗಿದಿರಲಿಲ್ಲ. ಆಟ ಬಿಡುತ್ತೇನೆ ಎಂದು ಹೇಳಿದ್ದ, ಆದರೆ ಬಿಡುವ ದಿನವೇ ಬರಲಿಲ್ಲ. ಒಪ್ಪಂದ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಇನ್ನೊಂದು ವರ್ಷ ಇರು ಎಂದು ಕ್ಲಬ್ಬಿನವರು ಕರೆಯುತ್ತಿದ್ದರು. ಅದರ ನಡುವೆ, ಮಾರ್ಚ್‌ನ ಕೆಂಪು ಕಾರ್ಡಿನ ನಿಷೇಧ ಮುಂದಿನ ಸೀಸನ್ನಿಗೆ ಉಳಿಯುತ್ತದೆ ಎಂದು ಕಾಗದ ಬಂದಿತ್ತು. "ಮುಂದಿನ ಸೀಸನ್ ನಾನು ಆಡದೇ ಇದ್ರೆ ಈ ಶಿಕ್ಷೆ ಯಾರಿಗೆ, ಅಕ್ಕ? ನಾನೀಗ ಆಟಗಾರನೋ ಅಲ್ವೋ?" ಎಂದು ನನ್ನನ್ನು ಕೇಳಿದ. ಸೇತುವೆ ಎತ್ತುವವಳು ನಾನು, ನನಗೇನು ಗೊತ್ತು.

ಜೂನ್ ಮಧ್ಯದ ಒಂದು ಶನಿವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಉದ್ದನೆಯ ಮರಳುದೋಣಿಯೊಂದು ಬರುತ್ತಿತ್ತು. ಗೇಟು ಹಾಕಿ ಸೇತುವೆ ಎತ್ತಿದೆ. ಓಸ್ಟರ್‌ಮೀರ್ ಕಡೆಯ ದಡದಲ್ಲಿ ಒಬ್ಬ ಸೈಕಲ್ಲಿನವನು ಬಂದು ನಿಂತ. ಬೆವರಿಗೆ ಅಂಗಿ ಮೈಗಂಟಿತ್ತು. ವೀಬೆ. ಹೇಳದೆ ಕೇಳದೆ ನಮ್ಮ ಮನೆಗೆ ಹೊರಟಿದ್ದನಂತೆ, ಆಮೇಲೆ ಹೇಳಿದ. ಅದೇ ಹೊತ್ತಿಗೆ ಈಚೆ ದಡದಲ್ಲಿ ಗೆರ್ಲೋಫ್ ಕಾರು ನಿಲ್ಲಿಸಿದ. ಬೆಳಿಗ್ಗೆ ನಾನು ಮರೆತು ಬಂದಿದ್ದ ಬುತ್ತಿಯನ್ನು ಕೊಡಲು ಬಂದಿದ್ದ.

ದೋಣಿ ಹಾದುಹೋಯಿತು. ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಇಳಿಸಿದರೆ ಒಬ್ಬ ಸೈಕಲ್ ತಿರುಗಿಸಿಕೊಂಡು ಹೋಗುತ್ತಾನೆ, ಇಲ್ಲವೇ ಇನ್ನೊಬ್ಬ ಬುತ್ತಿ ಇಟ್ಟು ಕಾರು ಹತ್ತುತ್ತಾನೆ ಎನ್ನಿಸಿತು. ಎತ್ತಿದ ಸೇತುವೆಯ ಮುಂದೆ ಮನುಷ್ಯ ನಿಲ್ಲುತ್ತಾನೆ, ಅದು ನಮ್ಮ ಕಡೆಯವರ ಅಭ್ಯಾಸ. ಹಾಗೆ ಮಾಡಿದ್ದು ನೌಕರಿಯ ನಿಯಮಕ್ಕೆ ವಿರುದ್ಧ. ಹದಿನಾರು ವರ್ಷದಲ್ಲಿ ಅದೊಂದೇ ಸಲ.

ನಡುವೆ ಇಪ್ಪತ್ತು ಮೀಟರ್ ನೀರು. ಮೊದಲು ವೀಬೆ ಕೂಗಿದ.

"ನಿನ್ನ ಹತ್ರಾನೇ ಬರ್ತಿದ್ದೆ."

"ಯಾಕೆ?"

"ಗೊತ್ತಿಲ್ಲ."

"ಮತ್ತೆ ಅದೇನಾ?" ಎಂದ ಗೆರ್ಲೋಫ್.

ವೀಬೆ ಸೈಕಲ್ಲನ್ನು ಗೇಟಿಗೆ ಒರಗಿಸಿದ. "ಬೈಯೋದಿದ್ರೆ ಬೈದುಬಿಡು. ಐದು ವಾರದಿಂದ ಕಾಯ್ತಿದ್ದೀನಿ. ನೀನು ಬೈಯಲ್ಲ, ಮಾತೂ ಆಡಲ್ಲ. ಎದುರಿಗೆ ಯಾರೂ ಇಲ್ಲದೆ ಪಂದ್ಯ ಆಡಿದ ಹಾಗಿದೆ ನಂಗೆ."

"ಏನಂತ ಬೈಲಿ? ನೀನು ತಪ್ಪು ಮಾಡಿದ್ರೆ ತಾನೆ ಬೈಯೋದು."

"ತಪ್ಪು ಮಾಡಿಲ್ವಾ?"

"ನಂಗೆ ಗೊತ್ತಿಲ್ಲ ಕಣೋ" ಎಂದು ಗೆರ್ಲೋಫ್ ಕೂಗಿದ. ಕೂಗಿದ ಮೇಲೆ ತಾನು ಏನು ಹೇಳಿದೆ ಎಂದು ತಿಳಿದು, ಬುತ್ತಿಯ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

ವೀಬೆ ನಗಲಿಲ್ಲ. "ನಾವು ಇಳೀಬೇಕಿತ್ತು, ಗೆರ್ಲೋಫ್. ಇಪ್ಪತ್ತಾರು ಪಂದ್ಯದಲ್ಲಿ ಮೂರು ಗೆದ್ದವರು ನಾವು. ಬೀದೀಲಿ ಜನ ಶುಭಾಶಯ ಹೇಳ್ತಾರೆ. ನಂಗೆ ಅವರ ಮುಖ ನೋಡೋಕಾಗಲ್ಲ. ಸೋತಿದ್ದೀವಿ ಅಂತ ಹೇಳೋಕೂ ಬಿಡ್ಲಿಲ್ಲ ನಮ್ಮನ್ನ."

"ನಮ್ಮ ಕೀಪರ್ ಹೊರಟ. ಜರ್ಮನಿಗೆ" ಎಂದ ಗೆರ್ಲೋಫ್. "ಮುಂದಿನ ಸಾಲಿನ ಇಬ್ಬರೂ ಹೋಗ್ತಾರೆ. ಇಂಥ ತಂಡ ಮತ್ತೆ ಕಟ್ಟೋಕಾಗಲ್ಲ ನಂಗೆ."

ಹಾಲಿನ ವ್ಯಾನೊಂದು ಅವನ ಹಿಂದೆ ಬಂದು ನಿಂತು ಹಾರ್ನ್ ಹೊಡೆಯಿತು. ದೋಣಿಯೇ ಇಲ್ಲದೆ ಸೇತುವೆ ಎತ್ತಿಟ್ಟುಕೊಂಡಿರುವ ಕ್ಯಾಬಿನ್ನಿನ ಕಡೆ ಚಾಲಕ ಕೈ ತೋರಿಸಿ ಏನೋ ಅಂದ. ಸೇತುವೆ ಇಳಿಸಿದೆ. ಗೇಟು ತೆರೆದಾಗ ವ್ಯಾನು ಮೊದಲು ಹೋಯಿತು. ಆಮೇಲೆ ವೀಬೆ ಸೈಕಲ್ ತಳ್ಳಿಕೊಂಡು ಈಚೆ ಬಂದ. ಹತ್ತಿರ ನಿಲ್ಲುವಂತಿರಲಿಲ್ಲವಾದ್ದರಿಂದ ಇಬ್ಬರೂ ಒಂದೂವರೆ ಮೀಟರ್ ದೂರದಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ನನ್ನ ಬುತ್ತಿಯ ಡಬ್ಬಿ ತೆಗೆದು, ರೈ ಬ್ರೆಡ್ಡು, ಚೀಸು ಎರಡನ್ನೂ ಅವರೇ ಹಂಚಿಕೊಂಡು ತಿಂದರು. ನನಗೆ ಸೇಬು ಮಾತ್ರ ಸಿಕ್ಕಿತು.

ಆಡಲೋ ಬಿಡಲೋ ಎಂದು ವೀಬೆ ಅಲ್ಲೇ ಕೇಳಿದ. ಗೆರ್ಲೋಫ್ ಕೋಚ್ ಕೇಳುವ ಹಾಗೆ, "ಮಂಡಿ ಹೇಗಿದೆ?" ಎಂದ.

"ಬೆಳಿಗ್ಗೆ ಕೆಟ್ಟದಾಗಿರತ್ತೆ. ಮಧ್ಯಾಹ್ನಕ್ಕೆ ಸರಿ ಹೋಗತ್ತೆ."

"ಪಂದ್ಯ ಮಧ್ಯಾಹ್ನ ತಾನೆ ಇರೋದು. ಆಡು."

ಅವನು ಆಡಿದ. ಸೆಪ್ಟೆಂಬರಿನ ಮೊದಲ ಪಂದ್ಯವನ್ನು ನಿಷೇಧದ ಕಾರಣ ಮೇಲಿನ ಆಸನಗಳಲ್ಲಿ ಒಬ್ಬನೇ ಕೂತು ನೋಡಿದ. ಉಳಿದದ್ದರಲ್ಲಿ ಬಹುಪಾಲು ಖಾಲಿ ಮೈದಾನದಲ್ಲಿ ಆಡಿದ. ಟಿವಿಯಲ್ಲಿ ಜನರ ಸದ್ದನ್ನು ಎಲ್ಲಿಂದಲೋ ತಂದು ಸೇರಿಸುತ್ತಿದ್ದರು. ಅಮ್ಮ ಸದ್ದು ಪೂರ್ತಿ ಆರಿಸಿ, ಬರೀ ಚಿತ್ರ ನೋಡುತ್ತಿದ್ದಳು. ಗೆರ್ಲೋಫ್‌ನ ತಂಡ ಹೇಳಿದಂತೆಯೇ ಚದುರಿಹೋಗಿತ್ತು. ಹೊಸ ಹುಡುಗರನ್ನು ಕಟ್ಟಿಕೊಂಡು ಕೆಳಗಿನ ಲೀಗಿನಲ್ಲಿ ಆರನೆಯವನಾದ. ಓಸ್ಟರ್‌ಮೀರ್ ಮತ್ತೆ ಕೊನೆಗೇ ಬಂತು. ಈ ಸಲ ಮೂವತ್ನಾಲ್ಕು ಪಂದ್ಯವೂ ಆಡಿ, ಸರಿಯಾಗಿ, ಯಾರನ್ನೂ ಏನೂ ಕೇಳುವ ಅಗತ್ಯವಿಲ್ಲದಂತೆ ಇಳಿಯಿತು. ಆ ಜಾಗಕ್ಕೆ ಏರಿದವರು ಬೇರೆ ಯಾರೋ.

ಕೊನೆಯ ಪಂದ್ಯದ ಮಧ್ಯಾಹ್ನ ಗೆರ್ಲೋಫ್, "ಓಸ್ಟರ್‌ಮೀರ್‌ಗೆ ಹೋಗೋಣ ನಡಿ" ಎಂದ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಮೈದಾನದ ಹೊರಗೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಕೂತೆವು. ಒಳಗಿಂದ ಸೀಟಿಯ ಸದ್ದು, ಚೆಂಡಿನ ಸದ್ದು, ಆಗಾಗ ವೀಬೆ ಯಾರದೋ ಹೆಸರು ಹಿಡಿದು ಕೂಗುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಗೆರ್ಲೋಫ್ ಕಣ್ಣು ಮುಚ್ಚಿಕೊಂಡು ಕೇಳಿದ.

ಮುಗಿದು ಮುಕ್ಕಾಲು ಗಂಟೆಯ ಮೇಲೆ ವೀಬೆ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದ. ನಮ್ಮನ್ನು ಕಂಡು ನಿಂತ. ಬಾಗಿಲ ಬಳಿ ಒಂದು ಹೂಗುಚ್ಛ ಕೊಟ್ಟಿದ್ದರು. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ತಲೆಕೆಳಗಾಗಿ ಹಿಡಿದಿದ್ದ.

"ಕೆಳಗೆ ಬಂದ್ರಲ್ಲ" ಎಂದ ಗೆರ್ಲೋಫ್. "ಸ್ವಾಗತ. ಇಲ್ಲಿ ಗಾಳಿ ಕಮ್ಮಿ."

"ನಾನಂತೂ ಬಂದಿಲ್ಲ, ಕ್ಲಬ್ಬು ಬಂತು. ನಾನು ಮುಗಿಸಿದೆ" ಎಂದ ವೀಬೆ. ನನ್ನ ಕಡೆ ತಿರುಗಿ ಕೇಳಿದ: "ಮುಗಿಸಿದೆ ಅಲ್ವಾ, ಅಕ್ಕ?"

"ಮುಗಿಸಿದೆ" ಎಂದೆ.

ಮೂಲೆಯ ಗಾಡಿಯಲ್ಲಿ ಹುರಿದ ಆಲೂಗೆಡ್ಡೆ ತಗೊಂಡು, ವಾಹನ ನಿಲ್ಲಿಸುವ ಜಾಗದ ಕಟ್ಟೆಯ ಮೇಲೆ ಮೂವರೂ ಕೂತು ತಿಂದೆವು. ವೀಬೆ ತಿನ್ನುತ್ತ ತಿನ್ನುತ್ತ ಅಳುತ್ತಿದ್ದ. ಗೆರ್ಲೋಫ್ ತನ್ನ ಪೊಟ್ಟಣದ ಮಯೊನೇಸನ್ನು ಅವನ ಕಡೆ ಸರಿಸಿದ.

ಈಗಲೂ ನನ್ನನ್ನು ಜನ ಕೇಳುತ್ತಾರೆ, ಆ ದಿನ ಬೌಕೆಮಾ ನಿನಗೆ ಫೋನ್ ಮಾಡಿದ್ದಿದ್ದರೆ ಏನು ಹೇಳುತ್ತಿದ್ದೆ ಎಂದು. ಯೋಚಿಸಿ ನೋಡಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ, ಮರುದಿನ ಅದು ನನ್ನದಲ್ಲ ಎನ್ನಿಸುತ್ತದೆ.